ನಡುನೀರಿನಿಂದ ಫೋನು

ಈ ಶುಕ್ರವಾರಕ್ಕೆ ರಾಯಪ್ಪನ ಹತ್ತಿರ ದೋಣಿಗೆ ಹೋಗದಿರಲು ನೆಪವೇ ಉಳಿದಿರಲಿಲ್ಲ. ನಸುಕಿನಿಂದ ಹುಡುಕುತ್ತಿದ್ದ. ಹಲ್ಲುಜ್ಜುವಾಗ ತಲೆನೋವು ಎಂದುಬಿಡಲೇ ಅನ್ನಿಸಿತು. ಆದರೆ ತಲೆನೋವನ್ನು ಹೋದ ತಿಂಗಳಷ್ಟೇ ಖರ್ಚು ಮಾಡಿಯಾಗಿತ್ತು. ಸ್ನಾನ ಮುಗಿಸಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ, ಅಬ್ಬಾಸಿಯಾದಿಂದ ನೆಂಟರು ಬರುವವರಿದ್ದಾರೆ ಎಂಬ ಒಂದು ಒಳ್ಳೆಯ ನೆಪ ತಾನಾಗಿ ಹೊಳೆಯಿತು. ಪೂಜೆಗೆ ಕೂತು ಸುಳ್ಳು ಹೊಸೆಯುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಕಣ್ಣು ಗಟ್ಟಿಯಾಗಿ ಮುಚ್ಚಿದ. ಮುಚ್ಚಿದ ಕಣ್ಣೊಳಗೂ ನೀರೇ ಕಂಡಿತು, ಕೊನೆಮೊದಲಿಲ್ಲದ ನೀರು. ಎದ್ದು ಬಂದು ಕಿಟಕಿಯಲ್ಲಿ ನಿಂತರೆ ಎದುರುಮನೆಯ ಎಸಿ ಪೆಟ್ಟಿಗೆಗಳು, ಅವುಗಳ ಕೆಳಗೆ ಒಣಗಲು ಹಾಕಿದ ಯಾರದೋ ಬನಿಯನ್ನುಗಳು. ಅರಬ್ಬರ ನಾಡಿನ ಕಡಲದಂಡೆಯ ಊರು ಫಹಾಹೀಲಿನ ಈ ಕಟ್ಟಡದಲ್ಲಿ ಮುಂಬದಿಯ ಮನೆ ಹಿಡಿದಿದ್ದರೆ ಕೂತಲ್ಲಿಂದಲೇ ಕಡಲು ಕಾಣುತ್ತಿತ್ತು. ಉಪ್ಪುಗಾಳಿಗೆ ಪಾತ್ರೆ ಪಗಡ ಹಾಳಾಗುತ್ತವೆ ಎಂದು ಹೆಂಡತಿ ಮಂಗಳಾಗೆ ಹೇಳಿ ಹಿಂಬದಿಯ ಮನೆ ಹಿಡಿದವನು ಅವನೇ. ಮನೆಯಲ್ಲಿ ಇದ್ದವೆಲ್ಲ ಸ್ಟೀಲಿನ ಪಾತ್ರೆ. ಮಂಗಳಾ ಅವನ ಮುಖ ನೋಡಿ, ಅವೇ ಸ್ಟೀಲಿನ ಪಾತ್ರೆಗಳನ್ನು ಹಿಂಬದಿಯ ಅಡುಗೆಮನೆಯಲ್ಲಿ ಜೋಡಿಸಿದ್ದಳು.

ಹೇಳಿಕೊಂಡರೆ ಜನ ನಗುವಂಥ ಸಂಗತಿ. ಈ ದಂಡೆಯಲ್ಲಿ ಗಾಳ ಹಾಕುವವರಲ್ಲಿ ಅರ್ಧಕ್ಕರ್ಧ ಮಂದಿ ತಮ್ಮ ದೋಣಿಯ ಇಂಜಿನನ್ನು ರಾಯಪ್ಪನ ಕೈಗಲ್ಲದೆ ಬೇರೆಯವರ ಕೈಗೆ ಕೊಡುವುದಿಲ್ಲ. ಆ ರಾಯಪ್ಪನೋ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದೋಣಿಗೆ ಕಾಲಿಟ್ಟವನಲ್ಲ. ದೋಣಿಗಳೇ ಅವನ ಬಳಿಗೆ ಬರುತ್ತವೆ, ಗಾಡಿಯ ಮೇಲೆ ಕೂತು, ಮೈ ಒಣಗಿಸಿಕೊಂಡು. ಶೆಡ್ಡಿನಲ್ಲಿ ಒಂದು ದೊಡ್ಡ ನೀಲಿ ಪೀಪಾಯಿ ಇದೆ. ಅದಕ್ಕೆ ನಲ್ಲಿಯ ನೀರು ತುಂಬಿ, ಇಂಜಿನಿನ ಕಾಲನ್ನು ಅದರೊಳಗೆ ಇಳಿಬಿಟ್ಟು ಚಾಲೂ ಮಾಡಿದರೆ ಅದೇ ಅವನ ಕಡಲು. ಅದರ ತೆರೆ ಎಷ್ಟು ಎದ್ದರೂ ಮೊಣಕಾಲು ದಾಟುವುದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಆಂಥೋನಿ ಎಂಬ ಉಡುಪಿ ಕಡೆಯ ಮನುಷ್ಯ, ತನ್ನ ಆಫೀಸಿನ ಅರಬ್ಬಿ ಯಜಮಾನನ ಚಿಕ್ಕ ದೋಣಿಯನ್ನು ರಿಪೇರಿಗೆ ತಂದವರು, 'ಕಡಲಿನ ಅನುಭವ ಉಂಟಾ ಮಾರಾಯ್ರೆ?' ಎಂದು ಕೇಳಿದ್ದರು. 'ಐತ್ರಿ' ಅಂದಿದ್ದ ರಾಯಪ್ಪ. ಗಜೇಂದ್ರಗಡದ ಆಚೆ ಪಂಪ್‌ಸೆಟ್ ಬಿಚ್ಚಿ ಕಟ್ಟಿಕೊಂಡಿದ್ದವನಿಗೆ ಆ ಒಂದು ಮಾತು ಯಾಕೆ ಬಾಯಿಗೆ ಬಂತೋ. ಅವತ್ತು ಅದು ಸುಳ್ಳು ಎಂದೂ ಅನ್ನಿಸಿರಲಿಲ್ಲ, ಹೊಸ ಊರಿನಲ್ಲಿ ನಿಲ್ಲಲು ಒಂದು ಕಾಲಿಡುವ ಜಾಗ ಬೇಕಾಗಿತ್ತು. ಆಂಥೋನಿ ಅದನ್ನು ತಮ್ಮ ಗಾಳದ ಗೆಳೆಯರಿಗೆಲ್ಲ ಹಂಚಿದರು. ನಮ್ಮ ರಾಯಪ್ಪ ಕಡಲು ಬಲ್ಲವರು ಎಂದು ಬೆನ್ನು ತಟ್ಟಿ ತಟ್ಟಿ ಪರಿಚಯಿಸಿದರು. ಆಮೇಲೆ ತಿದ್ದಲು ಹೋದರೆ ಅವರ ಮಾತನ್ನೂ ತಿದ್ದಬೇಕಾಗುತ್ತಿತ್ತು.

ಫೋನ್ ಬಡಿದುಕೊಂಡಿತು. ಆಂಥೋನಿಯೇ ಇರಬೇಕೆಂದು ಹೆದರುತ್ತಲೇ ಎತ್ತಿದ, ಆದರೆ ಅಲ್ಲ. ಜೀಪನ್ನೂ ಅವನ ಹತ್ತಿರವೇ ರಿಪೇರಿ ಮಾಡಿಸುವ, ಗಿಡುಗ ಸಾಕಿದ ಒಬ್ಬ ಗಿರಾಕಿ, ಮರಳುಗಾಡಿನಿಂದ. ಚಳಿಗಾಲ ಕಣ್ಣು ಬಿಟ್ಟರೆ ಸಾಕು, ಈ ಮಂದಿ ಡೇರೆ, ಗಿಡುಗ ಎಲ್ಲ ಹೇರಿಕೊಂಡು ಮರಳಿಗೆ ಹೊರಡುತ್ತಾರೆ, ಹೊರಟ ಮೇಲೆ ಜೀಪು ಹೂತುಕೊಂಡಿತೆಂದು ರಾಯಪ್ಪನಿಗೆ ಫೋನ್ ಮಾಡುತ್ತಾರೆ. ರಾಯಪ್ಪ ಕಣ್ಣು ಮುಚ್ಚಿದ. ಅದು ಅವನ ರೀತಿ. ಕಣ್ಣು ಮುಚ್ಚಿದರೆ ಫೋನಿನ ಆ ಕಡೆಯ ಗಾಡಿ ಇಡಿಯಾಗಿ ಎದುರು ಬಂದು ನಿಲ್ಲುತ್ತದೆ; ಚಕ್ರ ಎಷ್ಟು ಇಳಿದಿದೆ, ಹೊಟ್ಟೆ ಮರಳಿಗೆ ತಾಗಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಒಂದೊಂದೇ ಹೇಳತೊಡಗಿದ: ಎಕ್ಸಲೇಟರ್ ಒತ್ತಬೇಡ, ಒತ್ತಿದಷ್ಟೂ ಕೆಳಗೆ ಹೋಗುತ್ತದೆ. ನಾಲ್ಕೂ ಟೈರಿನ ಗಾಳಿ ಬಿಡು, ಮಗ್ಗುಲು ಉಬ್ಬಿ ಕಾಣುವ ತನಕ ಬಿಡು. ಚಕ್ರದ ಹಿಂದಿನ ಮರಳು ಕೈಯಿಂದ ಬಗೆದು ತೆಗೆ. ಬಂದ ಜಾಡಿನಲ್ಲೇ ಹಿಂದಕ್ಕೆ ಬಾ, ಹೊಸ ಜಾಡು ಮಾಡಬೇಡ. ರೇಡಿಯೇಟರ್ ಕುದಿಯುತ್ತಿದ್ದರೆ ಮುಚ್ಚಳಕ್ಕೆ ಕೈ ಹಚ್ಚಬೇಡ, ಕೂತು ಒಂದು ಚಹಾ ಕುಡಿ. ಆ ಕಡೆ ಇಂಜಿನ್ ಗುರ್ರೆಂದಿತು, ಯಾರೋ ಯಲ್ಲಾ ಯಲ್ಲಾ ಎಂದು ಕೂಗಿದರು, ಗಾಡಿ ಮೇಲೆ ಬಂತು. ರಾಯಪ್ಪನ ಮುಖ ಅರಳಿತು. ಅಷ್ಟು ಹೊತ್ತು ಅವನಿಗೆ ಅಂಜಿಕೆಯ ನೆನಪೇ ಇರಲಿಲ್ಲ.

"ಮಂದಿಗೆಲ್ಲಾ ಫೋನಿನ್ಯಾಗ ಧೈರ್ಯಾ ಹೇಳ್ತೀರಿ," ಅಂದಳು ಮಂಗಳಾ, ಬುತ್ತಿ ಕಟ್ಟುತ್ತ. "ನಿಮಗ ಯಾರು ಹೇಳಬೇಕು? ಅಂಜಿಕಿ ಬರ್ತದಂತ ಅಂದಬಿಡ್ರಿ. ಆಂಥೋನಿ ಸರ ಏನ್ ನುಂಗ್ತಾರ?"

"ಊರಿಗೆ ಹೋಗೋ ಮನಿಷ್ಯಾಗ ಏನಂತ ಹೇಳೂದ?"

"ಹೋಗ್ತಾರಂತನ ಹೇಳ್ರಿ."

ಅದೇ ತೊಡಕಾಗಿತ್ತು. ಆಂಥೋನಿ ಬರುವ ವಾರ ಹೋಗುತ್ತಾರೆ. ಇಲ್ಲಿರಲು ಕೊಟ್ಟ ಪರವಾನಗಿ, ಇಕಾಮಾ, ರದ್ದು, ಖಲಾಸ್; ಹೆಂಡತಿ ವೈಲೆಟ್ ಬಾಯಿ ಮಗಳ ಬಾಣಂತನಕ್ಕೆಂದು ಊರು ಶಿರ್ವಕ್ಕೆ ಹೋಗಿ ಅಲ್ಲೇ ನಿಂತಿದ್ದಾರೆ. ಇವರೂ ಇನ್ನು ಆ ಕಡೆಯವರೇ. ಇಷ್ಟು ವರ್ಷ ಅವರು ದೋಣಿಗೆ ಕರೆದಾಗಲೆಲ್ಲ ರಾಯಪ್ಪ ತಪ್ಪಿಸಿಕೊಂಡದ್ದಕ್ಕೆ ಒಂದು ದೊಡ್ಡ ಗೋಡೆ ಇತ್ತು: ನಾವು ಲಿಂಗವಂತರು, ನಮಗೆ ಮೀನು ನಡೆಯುವುದಿಲ್ಲ, ಅದರ ವಾಸನೆಯೂ ಆಗುವುದಿಲ್ಲ. ಆಂಥೋನಿ ಈ ಮಾತಿಗೆ ಕೊಟ್ಟ ಮರ್ಯಾದೆ ನೆನೆದರೆ ರಾಯಪ್ಪನಿಗೆ ಕತ್ತು ಬಗ್ಗುತ್ತದೆ. ದೋಣಿಯನ್ನು ಶೆಡ್ಡಿಗೆ ತರುವ ಮುಂಚೆ ಸೋಪು ಹಾಕಿ ತೊಳೆದು ತರುತ್ತಿದ್ದರು. ದೊಡ್ಡ ಮೀನು ಬಿದ್ದ ದಿನವೂ ಅವನ ಎದುರು ಮೀನಿನ ಹೆಸರು ಎತ್ತದೆ, ಇವತ್ತು ಒಳ್ಳೇದಾಯ್ತು ರಾಯಪ್ಪ, ಅಷ್ಟೇ ಅನ್ನುತ್ತಿದ್ದರು. ಅವರ ಮನೆಗೆ ಊಟಕ್ಕೆ ಹೋದರೆ ವೈಲೆಟ್ ಬಾಯಿ ಹೊಸ ಪಾತ್ರೆಯಲ್ಲಿ ಬೇಳೆಸಾರು ಮಾಡುತ್ತಿದ್ದರು, ಆ ಪಾತ್ರೆಯನ್ನು ಅವನಿಗೆಂದೇ ಮೇಲಿನ ಗೂಡಿನಲ್ಲಿ ಎತ್ತಿಟ್ಟಿದ್ದರು. ತನ್ನ ಪುಕ್ಕಲುತನಕ್ಕೆ ತಾನು ದೇವರನ್ನು ಅಡ್ಡ ಹಿಡಿದ, ಅವರು ಆ ಅಡ್ಡಕ್ಕೇ ಕೈ ಮುಗಿದರು. ಈ ವಾರ ಶೆಡ್ಡಿಗೆ ಬಂದವರು ಗೆದ್ದವರ ಹಾಗೆ ನಗುತ್ತ ಹೇಳಿದ್ದರು: "ಶುಕ್ರವಾರ ಗಾಳ ಇಲ್ಲ, ಎರೆ ಇಲ್ಲ, ಐಸ್ ಪೆಟ್ಟಿಗೆಯೂ ಇಲ್ಲ. ನಿನ್ನೆಯೇ ಇಡೀ ದೋಣಿ ಡೆಟಾಲ್ ಹಾಕಿ ತೊಳೆದಿದ್ದೇನೆ. ಬರೀ ನಾವಿಬ್ಬರು. ಒಂದು ರೌಂಡ್ ಹೋಗಿ ಬರುವ. ಈಗ ನಿಮ್ಮ ದೇವರಿಗೂ ಆಕ್ಷೇಪ ಇರ್ಲಿಕ್ಕಿಲ್ಲ ಅಲ್ವಾ?" ರಾಯಪ್ಪ ಸ್ಪ್ಯಾನರ್ ಒರೆಸುತ್ತಲೇ ಇದ್ದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಹೋಗುವ ಮನುಷ್ಯನ ಕಣ್ಣಿನಲ್ಲಿ ಕೊನೆಯ ವಾರದಲ್ಲಿ ಸುಳ್ಳುಗಾರನಾಗಿ ಉಳಿಯುವುದು ಬೇಡ ಎಂಬುದೊಂದೇ ಅವನ ಆಸೆಯಾಗಿತ್ತು. ಆಗಲ್ರಿ ಸರ, ಅಂದಿದ್ದ.

ಕೆಳಗೆ ಹಾರ್ನ್ ಕೇಳಿಸಿತು. ಮಂಗಳಾ ಬುತ್ತಿ ಕೈಗಿತ್ತಳು. ಕಟಕರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎರಡು ನಿಂಬೆಹಣ್ಣು. ನಿಂಬೆ, ನೀರಿನ ಮೇಲೆ ವಾಂತಿ ಬಂದಂತಾದರೆ ಮೂಸಲಿಕ್ಕೆ. ಆಂಥೋನಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಇಗರ್ಜಿಗೆ ಪ್ರಾರ್ಥನೆಗೆ ಹೊರಟವರ ಹಾಗೆ. ದಾರಿಯುದ್ದಕ್ಕೂ ಮಾತು ಅವರದೇ. ಮನೆಯ ಸಾಮಾನು ಯಾರಿಗೆ ಏನು ಕೊಟ್ಟೆ, ಸೋಫಾ ಬಾಗಿಲಲ್ಲಿ ಹೇಗೆ ಸಿಕ್ಕಿಕೊಂಡಿತು, ಊರಲ್ಲಿ ವೈಲೆಟ್ ಕೋಳಿ ಸಾಕಿದ್ದಾಳೆ, ಒಂದೊಂದಕ್ಕೂ ಇಲ್ಲಿಯ ಒಬ್ಬೊಬ್ಬ ಮ್ಯಾನೇಜರನ ಹೆಸರಿಟ್ಟಿದ್ದಾಳೆ. ರಾಯಪ್ಪ ನಗುತ್ತಿದ್ದ, ನಗುವಿನ ನಡುವೆ ಬಲಗಡೆ ಕಟ್ಟಡಗಳ ಸಂದಿಯಲ್ಲಿ ನೀಲಿ ಬಣ್ಣ ಇಣುಕಿ ಮರೆಯಾಗುತ್ತಿದ್ದುದನ್ನು ನೋಡದಿರಲು ಕತ್ತನ್ನು ಎಡಕ್ಕೇ ಹಿಡಿದಿದ್ದ. ಕಡಲಿಗಿಳಿಯುವ ಕಾಂಕ್ರೀಟಿನ ಇಳಿಜಾರು ಬಂತು. ದೋಣಿಯನ್ನು ಗಾಡಿಯಿಂದ ನೀರಿಗೆ ಜಾರಿಸುವ ತನಕ ಅವನು ಚುರುಕಾಗಿಯೇ ಇದ್ದ, ಹಗ್ಗ ಬಿಚ್ಚಿದ, ಪೆಟ್ರೋಲ್ ಟಾಕಿ ಎತ್ತಿಟ್ಟ, ಇಂಜಿನಿನ ಕೊಂಡಿಗಳನ್ನು ಎಳೆದು ನೋಡಿದ. ಆಮೇಲೆ ಆಂಥೋನಿ ಕೈ ಚಾಚಿದರು. ಆ ಕೈ ಹಿಡಿದು ಕಾಲಿಟ್ಟನೋ ಇಲ್ಲವೋ, ಕಾಲಿನ ಕೆಳಗಿನ ನೆಲ ಪಕ್ಕಕ್ಕೆ ಸರಿಯಿತು. ನೆಲ ಎಂಬುದು ಸರಿಯಬಾರದು. ಈ ಒಂದು ಸಾಮಾನ್ಯ ತಿಳುವಳಿಕೆ ಇಲ್ಲದ ಜಾಗಕ್ಕೆ ಮನುಷ್ಯರು ರಜೆಯ ದಿನ ಖುಷಿಯಿಂದ ಬರುತ್ತಾರಲ್ಲ ಎಂದು ಅವನಿಗೆ ಬೆರಗಾಯಿತು.

ದಂಡೆ ಸಣ್ಣದಾಯಿತು. ಇಂಜಿನ್ ಚೆನ್ನಾಗಿ ಓಡುತ್ತಿತ್ತು, ಹಿಂಬದಿಯ ತೂತಿನಿಂದ ತಂಪು ಮಾಡುವ ನೀರು ಪಿಚಕಾರಿ ಹೊಡೆದಂತೆ ಸರಿಯಾಗಿ ಬೀಳುತ್ತಿತ್ತು. ಅದನ್ನೊಂದೇ ನೋಡುತ್ತ ರಾಯಪ್ಪ ಹಲಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ಊರ ಬಾವಿಯ ಮೆಟ್ಟಿಲೂ ಇಷ್ಟೇ ಅಗಲ. ಚಿಕ್ಕವನಿದ್ದಾಗ ಅಲ್ಲಿ ಓರಗೆಯ ಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದರು, ಅವರ ಅಂಗಿಚಡ್ಡಿಗಳ ಗಂಟು ಇವನ ಮಡಿಲಲ್ಲಿ. ಯಾರದು ಯಾವ ಅಂಗಿ ಎಂದು ತಪ್ಪದೆ ಹೇಳಿ ಕೊಡುತ್ತಿದ್ದ, ಅದಕ್ಕೇ ಅವನಿಲ್ಲದೆ ಯಾರೂ ಈಜಲು ಹೋಗುತ್ತಿರಲಿಲ್ಲ. ನನ್ನ ಮಗ ಶಾಣ್ಯಾ, ನೀರಿಗಿಳಿಯಂಗಿಲ್ಲ, ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಒಮ್ಮೆ ಯಾರೋ ಬೆನ್ನಿಗೆ ಕೈ ಹಚ್ಚಿದರು. ನೂಕಲೂ ಇಲ್ಲ, ಸುಮ್ಮನೆ ಹಚ್ಚಿದರು, ನಕ್ಕರು. ಅಂಗಿಗಳೆಲ್ಲ ನೀರಿಗೆ ಬಿದ್ದು ತೇಲತೊಡಗಿದವು, ಇವನು ಮೆಟ್ಟಿಲು ತಬ್ಬಿಕೊಂಡು ಅತ್ತ. "ಚಂದ ಉಂಟಲ್ವಾ?" ಅಂದರು ಆಂಥೋನಿ. "ಭಾಳ ಛಂದ ಐತ್ರಿ," ಅಂದ ರಾಯಪ್ಪ, ತನ್ನ ಹತ್ತೂ ಬೆರಳುಗಳನ್ನು ನೋಡುತ್ತ.

ಆಗಲೇ ಇಂಜಿನ್ ಒಮ್ಮೆ ಉಸಿರು ಹಿಡಿದಂತಾಯಿತು. ಮತ್ತೆ ಓಡಿತು, ಎರಡು ಸಲ ಕೆಮ್ಮಿತು, ನಿಂತೇಬಿಟ್ಟಿತು. ಸದ್ದು ಹೋದ ಮೇಲೆ ದೋಣಿಯ ಮಗ್ಗುಲಿಗೆ ನೀರು ಚಪ್ಪರಿಸುವ ಸದ್ದು ಕೇಳಿಸತೊಡಗಿತು. ದೋಣಿ ಮೆಲ್ಲಗೆ ತಿರುಗಿ ತೆರೆಗಳಿಗೆ ಅಡ್ಡವಾಗಿ ನಿಂತು ಆ ಕಡೆಗೂ ಈ ಕಡೆಗೂ ತೂಗಲು ಶುರುಮಾಡಿತು. ಆಂಥೋನಿ ಗುಂಡಿ ಒತ್ತಿದರು. ಗಿರಗಿರ ಅಂದಿತು, ಹತ್ತಲಿಲ್ಲ. ಅವರಿಗೆ ಗಾಬರಿಯೇನೂ ಇರಲಿಲ್ಲ. ಇರಬೇಕಾದ್ದೂ ಇಲ್ಲ, ದೋಣಿಯಲ್ಲಿ ರಾಯಪ್ಪ ಇದ್ದಾನಲ್ಲ. "ಬನ್ನಿ, ಒಮ್ಮೆ ನೋಡಿ," ಎಂದು ಅವನಿಗೆ ಜಾಗ ಬಿಟ್ಟು ಸರಿದರು.

ರಾಯಪ್ಪ ಏಳಬೇಕೆಂದುಕೊಂಡ. ಇಂಜಿನ್ ಇರುವುದು ಮೂರು ಹೆಜ್ಜೆಯ ಆಚೆ, ಅವನೇ ಬಿಚ್ಚಿ ಅವನೇ ಕಟ್ಟಿದ ಇಂಜಿನ್, ಒಳಗಿನ ಒಂದೊಂದು ವಾಷರಿನ ಗುರುತೂ ಅವನಿಗಿತ್ತು. ಈಗ ನೋಡಿದರೆ ಅದು ಯಾವುದೋ ಕಪ್ಪು ಡಬ್ಬಿ. ಎಲ್ಲಿಂದ ಶುರು ಮಾಡುವುದು, ಯಾವುದು ಮೊದಲು, ಏನೂ ತೋಚಲಿಲ್ಲ. ಕೈ ಬಿಡಿಸಬೇಕು, ಮೊದಲು ಎಡಗೈ, ಅದು ಹಲಗೆ ಬಿಡಲಿಲ್ಲ. ನೀರನ್ನು ನೋಡಬಾರದೆಂದು ಇಂಜಿನಿನ ಕಡೆ ನೋಡಿದರೆ ಅದರ ಹಿಂದೆ ನೀರೇ ಏರುತ್ತಿತ್ತು, ಇಳಿಯುತ್ತಿತ್ತು. ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲೂ ಕೈ ಇರಲಿಲ್ಲ. ಮುಗಿಯಿತು, ಅಂದುಕೊಂಡ, ಇಷ್ಟು ವರ್ಷ ಹೊತ್ತು ತಿರುಗಿದ್ದು ಈಗ ಈ ಮನುಷ್ಯನ ಕಣ್ಣೆದುರಿಗೇ ಬಿಚ್ಚಿಬಿತ್ತು. ಆಂಥೋನಿ ಅವನನ್ನು ನೋಡಿದರು. ಮೊದಲು ಮುಖ, ಆಮೇಲೆ ಹಲಗೆ ಹಿಡಿದ ಕೈ, ಬಿಳಿಚಿದ ಬೆರಳ ಗಂಟುಗಳು. ಏನಾದರೂ ಅನ್ನುತ್ತಾರೆ ಎಂದು ರಾಯಪ್ಪ ಕಾದ. ಬೈದರೂ ಒಳ್ಳೆಯದಿತ್ತು. ಅವರು ಬೆನ್ನು ತಿರುಗಿಸಿ ದೋಣಿಯ ಹಿಂಬದಿಗೆ ಹೋಗಿ, ಇಂಜಿನಿನ ಪಕ್ಕ ಕೂತು, ಜೇಬಿನಿಂದ ಫೋನ್ ತೆಗೆದರು. ಯಾರನ್ನು ಕರೆಯುತ್ತಾರೆ? ಬೇರೆ ಮೆಕ್ಯಾನಿಕ್‌ನನ್ನೇ? ಅವಮಾನದಿಂದ ಅವನ ಕಿವಿ ಬಿಸಿಯಾಯಿತು.

ರಾಯಪ್ಪನ ಅಂಗಿಯ ಜೇಬು ನಡುಗಿತು. ಫೋನ್ ಬಡಿದುಕೊಳ್ಳುತ್ತಿತ್ತು. ಜೇಬಿನ ತೆಳುಬಟ್ಟೆಯೊಳಗಿಂದ ಹೆಸರು ಕಾಣುತ್ತಿತ್ತು, ಆಂಥೋನಿ ಸರ. ಅವನು ಎದುರಿನ ಬೆನ್ನನ್ನು ನೋಡಿದ, ಬಿಳಿ ಅಂಗಿಯ ಬೆನ್ನು, ಕಿವಿಗೆ ಹಿಡಿದ ಫೋನ್. ಬೆನ್ನು ತಿರುಗಲಿಲ್ಲ. ಗಂಟೆ ಬಾರಿಸುತ್ತಲೇ ಇತ್ತು, ಬಾರಿಸುವ ಫೋನನ್ನು ಎತ್ತದೆ ಬಿಟ್ಟ ಅಭ್ಯಾಸ ಅವನಿಗಿರಲಿಲ್ಲ. ಬಲಗೈ ತಾನಾಗಿ ಹಲಗೆಯನ್ನು ಬಿಟ್ಟಿತು.

"ಹಲೋ."

"ರಾಯಪ್ಪ, ನಾನು ಆಂಥೋನಿ. ಕಡಲಲ್ಲಿದ್ದೇನೆ ಮಾರಾಯ್ರೆ. ಇಂಜಿನ್ ಬಂದ್ ಆಯ್ತು."

ರಾಯಪ್ಪ ಫೋನನ್ನು ಕಿವಿಗೆ ಒತ್ತಿದ. ಮೂರು ಹೆಜ್ಜೆಯ ಆಚೆಯಿಂದ ಒಂದು ದನಿ ಗಾಳಿಯಲ್ಲಿ ಬರುತ್ತಿತ್ತು, ಅದೇ ದನಿ ಕಿವಿಯೊಳಗೆ ಇನ್ನೊಂದು ಸಲ. "ಹಲೋ, ಕೇಳ್ತದಾ?" ಅಂದಿತು ಅದು. "ಜೊತೆಗೆ ಒಬ್ಬರಿದ್ದಾರೆ. ನನಗೆ ಬಹಳ ಬೇಕಾದವರು. ಅವರಿಗೆ ಸ್ವಲ್ಪ ಹೆದರಿಕೆ ಆಗಿದೆ. ಏನು ಮಾಡುವ?"

ರಾಯಪ್ಪ ಕಣ್ಣು ಮುಚ್ಚಿದ.

"ಮೊದಲ ಅವರಿಗೆ ಕೆಳಗ ಕೂಡ್ರಾಕ ಹೇಳ್ರಿ," ಅಂದ. ಅಂದವನು ತಾನೇ ಹಲಗೆಯಿಂದ ಜಾರಿ ದೋಣಿಯ ತಳದಲ್ಲಿ ಕೂತ. ಕೂತ ಮೇಲೆ ತೂಗಾಟ ಅರ್ಧ ಕಡಿಮೆಯಾಯಿತು. "ಒಂದ್ ಗುಟುಕ ನೀರ ಕುಡೀಲಿ. ಏನೂ ಆಗಂಗಿಲ್ಲ, ದಂಡಿ ಕಾಣತೈತಿ. ನೀವು ಸೆಲ್ಫ್ ಹೊಡ್ಯಾಕ ಹೋಗಬ್ಯಾಡ್ರಿ, ಬ್ಯಾಟ್ರಿ ಇಳೀತದ. ನಿಲ್ಲೂಕ್ಕಿಂತ ಮೊದಲ ಹೆಂಗ ಸಪ್ಪಳಾ ಮಾಡಿತು? ಒಮ್ಮಿಗೇ ನಿಂತಿತೋ, ಕೆಮ್ಮಿತೋ?"

"ಕೆಮ್ಮಿತು. ಎರಡು ಸಲ."

"ಹಂಗಾರ ಕರೆಂಟಿಂದಲ್ಲ, ಪೆಟ್ರೋಲಿಂದು. ಪೈಪಿನ ನಡುವ ರಬ್ಬರ್ ಉಂಡಿ ಐತಲ್ರಿ, ಹಿಚುಕಿ ನೋಡ್ರಿ. ಗಟ್ಟಿ ಐತೋ ಮೆತ್ತಗ ಐತೋ?"

ಮುಚ್ಚಿದ ಕಣ್ಣೊಳಗೆ ಇಂಜಿನ್ ಬಂದು ನಿಂತಿತ್ತು, ತನ್ನ ಎಲ್ಲ ನರನಾಡಿಗಳೊಂದಿಗೆ. ಅದರ ಹಿಂದೆ ನೀರಿರಲಿಲ್ಲ.

"ಪೂರಾ ಚಪ್ಪಟೆ ಆಗಿದೆ," ಅಂದರು ಆಂಥೋನಿ. "ಉಬ್ಬಿ ಬರುವುದೇ ಇಲ್ಲ."

"ಟಾಕಿ ನೋಡ್ರಿ. ಮಗ್ಗಲಾ ಒಳಗ ಹೋಗ್ಯಾವೇನು?"

"ಹೌದು. ಹೊಟ್ಟೆ ಎಳೆದುಕೊಂಡ ಹಾಗೆ ಉಂಟು."

"ಹೋಗ್ಲಿ ಬಿಡ್ರಿ, ಸಣ್ಣದು. ಟಾಕಿ ಮುಚ್ಚಳದ ಮ್ಯಾಲ ಸಣ್ಣ ತಿರುಪು ಇರ್ತದ, ಗಾಳಿ ಹೋಗಾಕ. ಅದನ್ನ ಯಾರೋ ಮುಚ್ಚ್ಯಾರ. ಗಾಳಿ ಒಳಗ ಹೋಗಲಾರದ ಪೆಟ್ರೋಲ್ ಹೊರಗ ಬರಂಗಿಲ್ಲ. ಯಾರೋ ಕಡಲ ಅರಿಯದವ್ರು..." ಅಂದವನು ಅಲ್ಲಿಗೇ ತಡೆದ.

ಬೆರಳಿಗೆ ನೆನಪಾಗಿತ್ತು. ಇಳಿಜಾರಿನಲ್ಲಿ ದೋಣಿ ಮೊದಲ ಸಲ ಓಲಾಡಿದಾಗ ಕೆಂಪು ಟಾಕಿಯೊಳಗೆ ಪೆಟ್ರೋಲ್ ತುಳುಕಿದ್ದು, ಅಯ್ಯೋ ಚೆಲ್ಲುತ್ತದೆ, ಬೆಂಕಿ ಹತ್ತುತ್ತದೆ ಎಂದು ಅವನು ಬಗ್ಗಿ ಆ ತಿರುಪನ್ನು ಬಿಗಿದದ್ದು. ಗಟ್ಟಿಯಾಗಿ, ಎರಡು ಸಲ. ಹೊಸದಾಗಿ ದೋಣಿ ಕೊಂಡವರು ಇದೇ ತಪ್ಪು ಮಾಡಿ ಫೋನ್ ಮಾಡಿದಾಗ ಶೆಡ್ಡಿನಲ್ಲಿ ಕೂತು ಅವನು ಎಷ್ಟು ನಕ್ಕಿದ್ದಾನೆ. ಒಂದು ಪೀಪಾಯಿ ನೀರಿನ ಧೈರ್ಯದಲ್ಲಿ ನಕ್ಕದ್ದು.

"ಸಿಕ್ಕಿತು," ಅಂದಿತು ಫೋನು. "ನನ್ನದೇ ತಪ್ಪು ಮಾರಾಯ್ರೆ. ನಾನೇ ಮರೆತದ್ದು. ವಯಸ್ಸಾಯ್ತು."

 ರಾಯಪ್ಪನ ಬಾಯಿಂದ ಬಂದ ಒಂದು ಮಾತಿಗಾಗಿ ಈ ಮನುಷ್ಯ ವರ್ಷಗಟ್ಟಲೆ ದೋಣಿ ತೊಳೆದರು, ಈಗ ರಾಯಪ್ಪನ ಕೈಯ ತಪ್ಪನ್ನೂ ತೊಳೆಯಲು ಹೊರಟಿದ್ದಾರೆ. ಇದೊಂದನ್ನು ಅವರಿಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

"ಅಲ್ರಿ ಸರ. ನಾನ ಮುಚ್ಚಿದ್ದು. ಅಂಜಿಕಿಗೆ. ಮೊದಲಿಂದಾನೂ ಅಂಜಿಕೀರಿ ನನಗ. ಮೀನಿಂದಲ್ಲ."

 ಆ ಕಡೆ ಸಣ್ಣಗೆ ನಕ್ಕದ್ದು ಕೇಳಿಸಿತು.

"ಮೀನು ತಿನ್ನದವರು ಬೇಕಾದಷ್ಟು ಜನ ಕಡಲಿಗೆ ಬರ್ತಾರೆ ರಾಯಪ್ಪ. ನಂಗೆ ಮೊದಲ ವರ್ಷವೇ ಗೊತ್ತಾಗಿತ್ತು. ಪೀಪಾಯಿಯ ನೀರು ಕಾಲಿಗೆ ಚಿಮ್ಮಿದರೆ ನೀವು ಹಿಂದೆ ಹಾರ್ತಿದ್ರಿ." ದನಿ ಇಳಿಯಿತು. "ನನ್ನದೂ ಒಂದು ಉಂಟು. ವೈಲೆಟ್ ಊರಿಗೆ ಹೋದ ಮೇಲೆ ಪ್ರತಿ ಶುಕ್ರವಾರ ಇಲ್ಲಿಂದ ಫೋನ್ ಮಾಡ್ತಿದ್ದೆ ಅಲ್ವಾ, ಇಂಜಿನ್ ಸದ್ದು ಸರಿ ಇಲ್ಲ ಅಂತ? ಇಂಜಿನ್ ಸರಿಯೇ ಇರ್ತಿತ್ತು. ಸುಮ್ಮನೆ ಮಾಡ್ತಿದ್ದೆ. ಒಬ್ಬನೇ ಇಲ್ಲಿ ಕೂತರೆ, ಯಾರಾದ್ರೂ ಕೂತ್ಕೊಳ್ಳಿ, ನೀರು ಕುಡೀರಿ ಅಂತ ಹೇಳಿದ್ರೆ ಒಳ್ಳೇದಾಗ್ತಿತ್ತು."

ರಾಯಪ್ಪ ಕಣ್ಣು ತೆರೆದ. ಬಿಳಿ ಅಂಗಿಯ ಬೆನ್ನು ಇನ್ನೂ ಅವನ ಕಡೆಗೇ ಇತ್ತು, ಭುಜ ಸ್ವಲ್ಪ ಕುಗ್ಗಿತ್ತು. ಆ ಶುಕ್ರವಾರಗಳು ಒಂದೊಂದಾಗಿ ನೆನಪಾದವು. ಇಂಜಿನಿನ ಸದ್ದು ಕೇಳಿಸ್ರಿ ಎಂದರೆ ಅವರು ಫೋನನ್ನು ಇಂಜಿನಿಗೆ ಹಿಡಿಯುತ್ತಿದ್ದರು, ಅವನು ಕಣ್ಣು ಮುಚ್ಚಿ ಕೇಳಿ, ಏನೂ ದೋಷ ಕಾಣದೆ, ತನ್ನ ವಿದ್ಯೆಗೇ ಏನೋ ಆಯಿತೆಂದು ಹೆದರಿ, ಪ್ಲಗ್ ಒರೆಸ್ರಿ ಎಂದು ಏನಾದರೊಂದು ಹೇಳುತ್ತಿದ್ದ. ಅವರು ಒರೆಸಿ, ಸರಿಯಾಯ್ತು ಮಾರಾಯ್ರೆ, ಅನ್ನುತ್ತಿದ್ದರು. ಮಾತು ಆಮೇಲೂ ಮುಂದುವರಿಯುತ್ತಿತ್ತು. ಮಂಗಳಾ ಊಟಕ್ಕೆ ಕರೆದು ಕರೆದು ಸಾಕಾಗಿ ಗಂಗಾಳ ಮುಚ್ಚಿಡುತ್ತಿದ್ದಳು. ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆಂಥೋನಿ ಎಂದರೆ ತನಗೆಷ್ಟು ಪ್ರೀತಿ ಎಂಬುದು ಅವನಿಗೆ ಈವತ್ತಿನ ತನಕ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಆಂಥೋನಿ ಬಗ್ಗಿ ತಿರುಪನ್ನು ಸಡಿಲಿಸಿದರು. ಟಾಕಿ ಸುಸ್ಸೆಂದು ಗಾಳಿ ಎಳೆದುಕೊಂಡಿತು, ಒಳಗೆ ಹೋಗಿದ್ದ ಮಗ್ಗುಲು ಟಪ್ಪೆಂದು ಹೊರಗೆ ಬಂತು. ಅವರು ಉಂಡೆಯನ್ನು ಹಿಚುಕಿದರು, ಇನ್ನೊಮ್ಮೆ, ಮತ್ತೊಮ್ಮೆ.

"ಗಟ್ಟಿಯಾಯ್ತು," ಅಂದರು ಫೋನಿನಲ್ಲಿ. "ಈಗ ಹತ್ತುತ್ತದೆ. ಸ್ಟಾರ್ಟ್ ಮಾಡ್ಲಾ?"

ದೋಣಿ ಇನ್ನೂ ತೆರೆಗೆ ಅಡ್ಡವಾಗಿಯೇ ತೂಗುತ್ತಿತ್ತು. ಸುತ್ತ ಎಲ್ಲೆಲ್ಲೂ ನೀರು. ದಂಡೆಯ ಕಟ್ಟಡಗಳು ಬಿಸಿಲಲ್ಲಿ ಮಸಕಾಗಿದ್ದವು.

"ತಡೀರಿ ಸರ," ಅಂದ ರಾಯಪ್ಪ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು. "ಗಡಿಬಿಡಿ ಬ್ಯಾಡ. ಸ್ವಲ್ಪ ಹೊತ್ತು ಹಿಂಗ ಮಾತಾಡೂಣು."